ಒಳಗೆ ಏನೂ ಇಲ್ಲದ ಪತ್ತೆಯಂತ್ರ: ಕ್ವಾಡ್ರೋ ಟ್ರ್ಯಾಕರ್ ಪ್ರಕರಣ

ಕೈಯಲ್ಲಿ ಹಿಡಿಯಲು ಒಂದು ಪ್ಲಾಸ್ಟಿಕ್ ಹಿಡಿ. ಅದರ ಮುಂದೆ ಉದ್ದನೆಯ ಆಂಟೆನಾ. ಈ ಆಂಟೆನಾ ಹಿಡಿಗೆ ಬಿಗಿಯಾಗಿ ಕೂತಿಲ್ಲ. ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಎಡಕ್ಕೂ ಬಲಕ್ಕೂ ಸಲೀಸಾಗಿ ತಿರುಗುತ್ತದೆ. ಸೊಂಟದ ಬೆಲ್ಟಿಗೆ ಸಿಕ್ಕಿಸಲು ಒಂದು ಚಿಕ್ಕ ಡಬ್ಬಿ, ಅದರಿಂದ ಹಿಡಿಗೆ ಒಂದು ವೈರು. ಏನನ್ನು ಹುಡುಕಬೇಕೋ ಆ ವಸ್ತುವಿನ ಕಾರ್ಡನ್ನು ಡಬ್ಬಿಗೆ ತೂರಿಸಬೇಕು. ಬ್ಯಾಟರಿ ಇಲ್ಲ. ಹಿಡಿದವರ ಉಸಿರಾಟದಿಂದ ಮೈಯಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತೇ ಇದಕ್ಕೆ ಸಾಕು ಎಂದು ಮಾರುವವರು ಹೇಳುತ್ತಿದ್ದರು. ಹಿಡಿದುಕೊಂಡು ನಡೆಯಿರಿ. ವಸ್ತು ಇರುವ ಕಡೆಗೆ ಆಂಟೆನಾ ತಾನಾಗಿ ತಿರುಗುತ್ತದೆ.

ಇದರ ಹೆಸರು ಕ್ವಾಡ್ರೋ ಟ್ರ್ಯಾಕರ್. ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಹಾರ್ಲಿವಿಲ್ ಎಂಬ ಊರಿನ ಕಂಪನಿಯೊಂದು ಇದನ್ನು 1993ರಿಂದ 1996ರವರೆಗೆ ಮಾರಿತು. ಕಳೆದುಹೋದ ಗಾಲ್ಫ್ ಚೆಂಡು ಹುಡುಕುವ ಮಾದರಿಗೆ 395 ಡಾಲರ್. ಮಾದಕ ವಸ್ತು, ಬಂದೂಕು, ಸ್ಫೋಟಕ ಹುಡುಕುವ ಮಾದರಿಗೆ 8,000 ಡಾಲರ್ ತನಕ. ಸುಮಾರು 1,000 ಯಂತ್ರಗಳು ಮಾರಾಟವಾದವು. ಕೊಂಡವರಲ್ಲಿ ಪೊಲೀಸ್ ಇಲಾಖೆಗಳಿದ್ದವು, ಶಾಲಾ ಆಡಳಿತಗಳೂ ಇದ್ದವು.

ಹೂತ ಲೋಹ ಹುಡುಕುವ ಯಂತ್ರಗಳ ಬಗ್ಗೆ ಬರೆಯಲು ಕೂತವನು ಈ ಪ್ರಕರಣವನ್ನೇ ಯಾಕೆ ಆರಿಸಿಕೊಂಡೆ? ಮಣ್ಣಿನಡಿಯ ಚಿನ್ನ, ಬೆಳ್ಳಿ, ತಾಮ್ರವನ್ನು ನೂರಾರು ಮೀಟರ್ ದೂರದಿಂದಲೇ ತೋರಿಸುತ್ತದೆ ಎಂದು ಇವತ್ತಿಗೂ ಮಾರಾಟವಾಗುವ ಲೋಕೇಟರ್‌ಗಳಿಗೆ ಇದೇ ಆಕಾರವಿದೆ. ಅದೇ ಹಿಡಿ, ಅದೇ ಸಡಿಲ ಆಂಟೆನಾ, ಅದೇ 'ಆಣ್ವಿಕ ಕಂಪನಾಂಕ'ದ ಮಾತು. ಕೆಲವದರಲ್ಲಿ ಡಿಸ್‌ಪ್ಲೇ, ಬೀಪ್ ಸದ್ದು, ಲೋಹ ಆರಿಸುವ ಬಟನ್ ಜಾಸ್ತಿ ಇರುತ್ತವೆ, ಅಷ್ಟೇ. ಇಂಥ ಯಂತ್ರಗಳಲ್ಲಿ ಬಹಳಷ್ಟನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ. ಕ್ವಾಡ್ರೋವನ್ನು ಮಾತ್ರ ಬಿಚ್ಚಿದರು, ಪರೀಕ್ಷಿಸಿದರು, ಕೋರ್ಟಿಗೂ ತಂದರು. ಅದಕ್ಕೇ ಈ ಪ್ರಕರಣ.

ಡಬ್ಬಿ ತೆರೆದಾಗ

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಈ ಯಂತ್ರವನ್ನು ಎಕ್ಸ್‌ರೇ ಹಿಡಿದು ನೋಡಿತು. ಪ್ಲಾಸ್ಟಿಕ್ ಕವಚದೊಳಗೆ ಕೆಲಸ ಮಾಡುವಂಥ ಒಂದು ಭಾಗವೂ ಇರಲಿಲ್ಲ. ಸರ್ಕಾರದ ದೊಡ್ಡ ಪ್ರಯೋಗಾಲಯಗಳಲ್ಲಿ ಒಂದಾದ ಸ್ಯಾಂಡಿಯಾ ಕೂಡ ಪರೀಕ್ಷೆ ಮಾಡಿತು. ಕಣ್ಣು ಮುಚ್ಚಿ ಊಹಿಸಿದರೆ ಎಷ್ಟು ಸರಿ ಬರುತ್ತದೋ ಯಂತ್ರದಿಂದಲೂ ಅಷ್ಟೇ ಸರಿ ಬಂತು.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಆ ಕಾರ್ಡು. ಹುಡುಕಬೇಕಾದ ವಸ್ತುವಿನ 'ಸಹಿ' ಅದರಲ್ಲಿ ತುಂಬಿದೆ ಎಂದು ಹೇಳಿ ಮಾರಿದ್ದರು. ಅದನ್ನು ಮಾಡುತ್ತಿದ್ದ ರೀತಿ ಹೀಗಿತ್ತು. ವಸ್ತುವಿನ ಪೋಲರಾಯ್ಡ್ ಫೋಟೋ ತೆಗೆಯುವುದು. ಅದನ್ನು ಜೆರಾಕ್ಸ್ ಯಂತ್ರದಲ್ಲಿ ಪ್ರತಿ ಮಾಡುವುದು. ಆ ಕಾಗದವನ್ನು ಚೂರು ಚೂರಾಗಿ ಕತ್ತರಿಸುವುದು. ಒಂದೊಂದು ಚೂರನ್ನು ಎರಡು ಪ್ಲಾಸ್ಟಿಕ್ ತುಂಡುಗಳ ನಡುವೆ ಇಟ್ಟು ಅಂಟಿಸುವುದು. ಮುಗೀತು. ಒಬ್ಬ ಪೊಲೀಸ್ ಅಧಿಕಾರಿ ಬಾಗಿಲ ಹೊರಗೆ ನಿಂತು, ಒಳಗೆ ಬಂದೂಕು ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ನಂಬಿದ್ದು ಒಂದು ಜೆರಾಕ್ಸ್ ಚೂರನ್ನು.

1996ರ ಏಪ್ರಿಲ್‌ನಲ್ಲಿ ಟೆಕ್ಸಸ್‌ನ ಬೋಮಾಂಟ್‌ನಲ್ಲಿ ಫೆಡರಲ್ ನ್ಯಾಯಾಧೀಶ ಥ್ಯಾಡ್ ಹಾರ್ಟ್‌ಫೀಲ್ಡ್ ಈ ಯಂತ್ರವನ್ನು ತಯಾರಿಸುವುದನ್ನೂ ಮಾರುವುದನ್ನೂ ಕಾಯಂ ಆಗಿ ತಡೆದರು. ಕಥೆ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ಭಾಗಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಈ ಸುದ್ದಿ ಓದಿದ ಯಾರಿಗಾದರೂ ಮೂಡುವ ಪ್ರಶ್ನೆ ಒಂದಿದೆ.

ಹಾಗಾದರೆ ಆಂಟೆನಾ ತಿರುಗಿದ್ದು ಹೇಗೆ?

ತಿರುಗಿದ್ದಂತೂ ನಿಜ. ಬಳಸಿದವರು ಸುಳ್ಳು ಹೇಳಲಿಲ್ಲ. 'ನನ್ನ ಕೈಯಲ್ಲೇ ತಿರುಗಿತು, ನಾನು ಏನೂ ಮಾಡಲಿಲ್ಲ' ಎಂದು ಅವರು ಹೇಳುವಾಗ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರನ್ನು ದಡ್ಡರು ಎಂದು ಪಕ್ಕಕ್ಕೆ ತಳ್ಳುವುದು ತಪ್ಪು. ಹಾಗೆ ತಳ್ಳಿದರೆ ವಿಷಯವೂ ಅರ್ಥವಾಗುವುದಿಲ್ಲ.

ಇದನ್ನು ನೀವೇ ಕೈಯಾರೆ ನೋಡಬಹುದು. ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರ್ ಒಂದನ್ನು ಕತ್ತರಿಸಿ 'ಎಲ್' ಆಕಾರಕ್ಕೆ ಬಗ್ಗಿಸಿ. ಚಿಕ್ಕ ಭಾಗವನ್ನು ಖಾಲಿ ಪೆನ್ನಿನ ಕೊಳವೆಯೊಳಗೆ ಇಳಿಸಿ, ಕೊಳವೆಯನ್ನು ಮುಷ್ಟಿಯಲ್ಲಿ ನೆಟ್ಟಗೆ ಹಿಡಿಯಿರಿ. ಉದ್ದನೆಯ ಭಾಗ ಮುಂದಕ್ಕೆ ಚಾಚಿಕೊಂಡಿರುತ್ತದೆ. ಈಗ ಮಣಿಕಟ್ಟನ್ನು ಸ್ವಲ್ಪವೇ ಸ್ವಲ್ಪ, ಒಂದೆರಡು ಡಿಗ್ರಿ, ಎಡಕ್ಕೆ ವಾಲಿಸಿ. ತಂತಿ ಸರ್ರನೆ ಎಡಕ್ಕೆ ಹೋಗುತ್ತದೆ. ಕೈ ವಾಲಿದ್ದು ಕಣ್ಣಿಗೆ ಕಾಣುವುದೇ ಇಲ್ಲ, ತಂತಿ ಹೋಗಿದ್ದು ಮಾತ್ರ ಎದ್ದು ಕಾಣುತ್ತದೆ. ಮಟ್ಟವಾಗಿ ಹಿಡಿದ ತಂತಿ ಯಾವ ಕಡೆಗೆ ಬೇಕಾದರೂ ಜಾರಲು ಕಾಯುತ್ತಿರುತ್ತದೆ. ಚೂರು ಇಳಿಜಾರು ಸಿಕ್ಕರೆ ಭೂಮಿಯ ಸೆಳೆತವೇ ಉಳಿದ ಕೆಲಸ ಮಾಡುತ್ತದೆ. ಕೈಯ ಅತಿ ಸಣ್ಣ ಅಲುಗಾಟವನ್ನು ದೊಡ್ಡದು ಮಾಡಿ ತೋರಿಸುವ ಉಪಕರಣ ಇದು. ಆಂಟೆನಾವನ್ನು ಅಷ್ಟು ಸಡಿಲವಾಗಿ ಕೂರಿಸಿರುವುದರಿಂದ ಆಗುವ ಕೆಲಸವೂ ಇದೇ.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ಕೈಯನ್ನು ಬೇಕೆಂದು ವಾಲಿಸಬೇಡಿ. ಸುಮ್ನೆ ಹಿಡಿದುಕೊಂಡು 'ಆ ಮೂಲೆಗೆ ಹೋಗಬಹುದು' ಎಂದು ಯೋಚಿಸುತ್ತಾ ನಡೆಯಿರಿ. ಬಹಳ ಜನರ ಕೈಯಲ್ಲಿ ತಂತಿ ಆ ಮೂಲೆಗೇ ತಿರುಗುತ್ತದೆ. ಮನಸ್ಸು ನಿರೀಕ್ಷಿಸಿದ್ದನ್ನು ಸ್ನಾಯು ಮಾಡಿ ಮುಗಿಸಿರುತ್ತದೆ, ಮನಸ್ಸಿಗೆ ಅದು ಗೊತ್ತೇ ಆಗಿರುವುದಿಲ್ಲ. ಫ್ರೆಂಚ್ ರಸಾಯನ ವಿಜ್ಞಾನಿ ಶೆವ್ರೂಲ್ ಇದನ್ನು 1833ರಲ್ಲೇ ಬರೆದಿಟ್ಟಿದ್ದಾನೆ. ದಾರಕ್ಕೆ ಕಟ್ಟಿದ ಲೋಲಕವನ್ನು ಪಾದರಸದ ಮೇಲೆ ಹಿಡಿದರೆ ಅದು ತೂಗುತ್ತದೆ ಎಂಬ ನಂಬಿಕೆ ಆಗ ಇತ್ತು. ಅವನು ಹಿಡಿದಾಗಲೂ ತೂಗಿತು. ಆದರೆ ಅವನು ಅಲ್ಲಿಗೆ ಬಿಡಲಿಲ್ಲ. ತೋಳಿಗೆ ಆಸರೆ ಕೊಟ್ಟು ನೋಡಿದ, ತೂಗಾಟ ಕಡಿಮೆಯಾಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೋಡಿದ, ಪಾದರಸ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವೇ ಇಲ್ಲವಾಯಿತು. ತೂಗಿಸುತ್ತಿದ್ದದ್ದು ತನ್ನದೇ ಕೈ ಎಂದು ಒಪ್ಪಿಕೊಂಡ. 1852ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ ಇಂಥ ಚಲನೆಗೆ ಐಡಿಯೊಮೋಟರ್ ಎಂಬ ಹೆಸರು ಕೊಟ್ಟ. ತನ್ನ ಕೈಯನ್ನೇ ಅನುಮಾನಿಸಿ ನೋಡುವ ಶೆವ್ರೂಲ್‌ನ ಧೈರ್ಯ ನನಗೆ ತುಂಬಾ ಇಷ್ಟ.

ಲೋಹದ ಗಣಿಗಳಲ್ಲೂ ಈ ಜಗಳ ಹಳೆಯದೇ. ಗಣಿಗಾರಿಕೆಯ ಬಗ್ಗೆ ಜಾರ್ಜಿಯಸ್ ಅಗ್ರಿಕೋಲಾ ಬರೆದು 1556ರಲ್ಲಿ ಅಚ್ಚಾದ ದೊಡ್ಡ ಗ್ರಂಥದಲ್ಲಿ ಕವಲು ಕಡ್ಡಿ ಹಿಡಿದು ಅದಿರು ಹುಡುಕುವವರ ವಿವರವಿದೆ. ಒಳ್ಳೆಯ ಗಣಿಗಾರನಿಗೆ ಆ ಕಡ್ಡಿ ಬೇಕಾಗಿಲ್ಲ, ನೆಲದ ಮೇಲೆ ಸಿಗುವ ಕುರುಹುಗಳನ್ನು ಓದಲು ಕಲಿತರೆ ಸಾಕು ಎಂಬುದು ಅವನ ನಿಲುವು. ಅಂದಿನ ಕಡ್ಡಿಯ ಜಾಗಕ್ಕೆ ಇಂದು ಆಂಟೆನಾ ಬಂದಿದೆ. ಆಡಿಸುವ ಕೈ ಅದೇ.

10ಕ್ಕೆ 10, ಆಮೇಲೆ 25ಕ್ಕೆ 6

ಇಲ್ಲಿ ಕ್ವಾಡ್ರೋದಿಂದ ಸ್ವಲ್ಪ ಪಕ್ಕಕ್ಕೆ ಸರಿಯಬೇಕು. ಇಂಥ ಯಂತ್ರಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಇದರದೇ ತರಹದ ಇನ್ನೊಂದು ಯಂತ್ರದ್ದು. ಅದರ ಹೆಸರು ಡಿಕೆಎಲ್ ಲೈಫ್‌ಗಾರ್ಡ್. ಅಡಗಿರುವ ಜೀವಂತ ಮನುಷ್ಯನನ್ನು ದೂರದಿಂದಲೇ ತೋರಿಸುತ್ತದೆ ಎಂಬುದು ಅದರ ಹೇಳಿಕೆ. ಅಲ್ಲೂ ಒಂದು ಹಿಡಿ, ತಿರುಗುವ ಒಂದು ಆಂಟೆನಾ.

1998ರಲ್ಲಿ ಸ್ಯಾಂಡಿಯಾ ಪ್ರಯೋಗಾಲಯ ಐದು ದೊಡ್ಡ ಪೆಟ್ಟಿಗೆಗಳನ್ನು ಇಟ್ಟಿತು. ಒಂದರೊಳಗೆ ಒಬ್ಬ ಮನುಷ್ಯ. ಮೊದಲ ಸುತ್ತಿನಲ್ಲಿ ಅವನು ಯಾವ ಪೆಟ್ಟಿಗೆಯಲ್ಲಿದ್ದಾನೆ ಎಂದು ಯಂತ್ರ ಹಿಡಿದವನಿಗೆ ಗೊತ್ತಿತ್ತು. 10 ಬಾರಿ ನೋಡಿದರು. ಹತ್ತಕ್ಕೆ ಹತ್ತೂ ಸರಿ. ಆಮೇಲೆ ಯಂತ್ರ ಹಿಡಿದವನಿಗೂ ಗೊತ್ತಿಲ್ಲದ, ಅವನ ಜೊತೆಗೆ ನಿಂತು ಬರೆದುಕೊಳ್ಳುವವರಿಗೂ ಗೊತ್ತಿಲ್ಲದ ಹಾಗೆ 25 ಬಾರಿ ಮಾಡಿದರು. 6 ಸರಿ ಬಂದವು. ಐದು ಪೆಟ್ಟಿಗೆ ಇದ್ದಾಗ ಸುಮ್ನೆ ಬೆರಳು ತೋರಿಸಿದರೂ ಸರಾಸರಿ 5 ಸರಿ ಬರುತ್ತವೆ.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಯಂತ್ರ ಅದೇ, ಕೈ ಅದೇ, ಜಾಗ ಅದೇ. ಬದಲಾಗಿದ್ದು ಒಂದೇ: ಉತ್ತರ ಮೊದಲೇ ಗೊತ್ತಿತ್ತೋ ಇಲ್ಲವೋ ಎಂಬುದು. ಮಾರಾಟಗಾರರು ತೋರಿಸುವ ಪ್ರದರ್ಶನಗಳು ಯಾಕೆ ಅಷ್ಟು ಚೆನ್ನಾಗಿ ನಡೆಯುತ್ತವೆ ಎಂಬುದಕ್ಕೆ ಇಲ್ಲೇ ಉತ್ತರವಿದೆ. ಉಂಗುರವನ್ನು ನಿಮ್ಮೆದುರೇ ಮಣ್ಣಲ್ಲಿ ಹೂತು, ನಿಮ್ಮ ಕೈಗೇ ಯಂತ್ರ ಕೊಟ್ಟು 'ನಡೆಯಿರಿ' ಎನ್ನುತ್ತಾರೆ. ಆಂಟೆನಾ ಉಂಗುರದ ಕಡೆಗೆ ತಿರುಗಿದಾಗ ಮೈ ಜುಂ ಎನ್ನುತ್ತದೆ. ಆ ಅನುಭವದ ಮುಂದೆ ಯಾವ ವಾದವೂ ನಿಲ್ಲುವುದಿಲ್ಲ. ಅಲ್ಲಿ ಮೋಸ ಹೋಗುವುದು ನಿಮ್ಮ ಬುದ್ಧಿಯಲ್ಲ, ನಿಮ್ಮ ಮಣಿಕಟ್ಟು.

ಬಯಲಲ್ಲಿ ನಿಜವಾಗಿ ಹುಡುಕುವಾಗಲೂ ಇದೇ ನಡೆಯುತ್ತದೆ. ಯಂತ್ರ ತೋರಿಸಿದಲ್ಲಿ ಅಗೆಯುತ್ತಾರೆ. ಏನೂ ಸಿಗದಿದ್ದರೆ 'ಇನ್ನೂ ಆಳದಲ್ಲಿದೆ', 'ಮಣ್ಣಿನಲ್ಲಿ ಖನಿಜ ಜಾಸ್ತಿ', 'ನೀವು ಸರಿಯಾಗಿ ಹಿಡಿದಿಲ್ಲ, ತರಬೇತಿ ಸಾಲದು'. ಒಂದು ಹಳೆಯ ಮೊಳೆ ಸಿಕ್ಕರೆ ಯಂತ್ರಕ್ಕೆ ಜಯಕಾರ. ಜನರು ಬಹಳ ಕಾಲ ಓಡಾಡಿದ ನೆಲದಲ್ಲಿ ಎಲ್ಲಿ ಅಗೆದರೂ ಮೊಳೆ, ಬಿಲ್ಲೆ, ಮುಚ್ಚಳ ಒಂದಲ್ಲ ಒಂದು ಸಿಗುತ್ತದೆ. ಯಂತ್ರ ತೋರಿಸದ ಜಾಗದಲ್ಲಿ ಎಷ್ಟು ಗುಂಡಿ ತೋಡಿ ಹೋಲಿಸಿ ನೋಡಿದಿರಿ ಎಂದು ಕೇಳಿದರೆ, ಒಂದೂ ಇಲ್ಲ.

ನಿಜವಾದ ಡಿಟೆಕ್ಟರ್ ಏನು ಮಾಡುತ್ತದೆ

ಲೋಹ ಪತ್ತೆ ಮಾಡುವ ನಿಜವಾದ ಯಂತ್ರಗಳು ಇವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅವುಗಳ ತುದಿಯಲ್ಲಿ ತಟ್ಟೆಯಂಥ ಒಂದು ಕಾಯಿಲ್ ಇರುತ್ತದೆ. ಬ್ಯಾಟರಿಯ ವಿದ್ಯುತ್ತಿನಿಂದ ಆ ಕಾಯಿಲ್ ಬದಲಾಗುತ್ತಾ ಇರುವ ಕಾಂತಕ್ಷೇತ್ರವನ್ನು ನೆಲದೊಳಗೆ ಕಳಿಸುತ್ತದೆ. ಅದು ತಾಗಿದ ಲೋಹದಲ್ಲಿ ಸುಳಿಯಂಥ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹದ ಕಾಂತಕ್ಷೇತ್ರ ತಿರುಗಿ ಕಾಯಿಲ್‌ಗೆ ಬರುತ್ತದೆ. ಹೊರಟು ಬಂದ ಆ ಸಂಕೇತವನ್ನು ಅಳೆಯಬಹುದು. ಬ್ಯಾಟರಿ ತೆಗೆದರೆ ಸದ್ದು ನಿಲ್ಲುತ್ತದೆ. ಯಂತ್ರವನ್ನು ಮೇಜಿನ ಮೇಲೆ ಇಟ್ಟು, ಯಾರೂ ಮುಟ್ಟದೆ, ಅದರ ಮುಂದೆ ನಾಣ್ಯ ಆಡಿಸಿದರೂ ಅದು ಕೂಗುತ್ತದೆ. ಕೈಯೇ ಬೇಕಾಗಿಲ್ಲ.

ಆದರೆ ದೂರ ಹೆಚ್ಚಿದಂತೆ ಈ ಸಂಕೇತ ಕರಗುವ ವೇಗ ಭಯಂಕರ. ಚಿಕ್ಕ ವಸ್ತುವಿನ ವಿಷಯದಲ್ಲಿ, ದೂರ ಎರಡು ಪಟ್ಟಾದರೆ ಕಾಯಿಲ್‌ನಿಂದ ಅಲ್ಲಿಗೆ ತಲುಪುವ ಕ್ಷೇತ್ರ ಎಂಟರಲ್ಲಿ ಒಂದು ಪಾಲಾಗುತ್ತದೆ. ವಾಪಸ್ ಬರುವ ದಾರಿಯಲ್ಲಿ ಮತ್ತೆ ಎಂಟರಲ್ಲಿ ಒಂದು. ಒಟ್ಟು 64ರಲ್ಲಿ ಒಂದು. ಹಾಗಾಗಿ ಒಂದು ನಾಣ್ಯವನ್ನು ಇವು ಹೆಚ್ಚುಕಡಿಮೆ ಒಂದು ಗೇಣು, ಒಂದೂವರೆ ಗೇಣು ಆಳದವರೆಗೆ ಹಿಡಿಯುತ್ತವೆ. ಹಂಡೆಯಂಥ ದೊಡ್ಡ ವಸ್ತುವಾದರೆ ಇನ್ನೂ ಆಳಕ್ಕೆ ಹೋಗಬಹುದು. ಈಗ 20 ಸೆಂಟಿಮೀಟರ್‌ನಲ್ಲಿ ಕೂಗಿದ ನಾಣ್ಯವನ್ನು 20 ಮೀಟರ್ ದೂರಕ್ಕೆ ಇಡಿ. ದೂರ ನೂರು ಪಟ್ಟು. ಸಂಕೇತ ಲಕ್ಷ ಕೋಟಿಯಲ್ಲಿ ಒಂದು ಪಾಲು. ಬ್ಯಾಟರಿಯೂ ಇಲ್ಲದ ಅಥವಾ ಪುಟ್ಟ ಬ್ಯಾಟರಿಯೊಂದಿರುವ ಹಿಡಿಯೊಂದು ನೂರಾರು ಮೀಟರ್‌ನಿಂದ ಉಂಗುರ ಹಿಡಿಯುತ್ತದೆ ಎಂದರೆ ಈ ಲೆಕ್ಕವನ್ನು ಎಲ್ಲಿಗೆ ಕಳಿಸೋಣ?

'ಪ್ರತಿ ಲೋಹಕ್ಕೂ ತನ್ನದೇ ಆಣ್ವಿಕ ಕಂಪನಾಂಕ ಇದೆ, ಯಂತ್ರ ಅದಕ್ಕೆ ಶ್ರುತಿಗೂಡುತ್ತದೆ' ಎಂಬ ಮಾತಿಗೂ ಒಂದು ಉತ್ತರ ಕೊಡಬೇಕು. ಚಿನ್ನದ ಗಟ್ಟಿಯಲ್ಲಿ ಅಣುಗಳೇ ಇಲ್ಲ, ಪರಮಾಣುಗಳು ಸಾಲು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಪರಮಾಣುಗಳ ನ್ಯೂಕ್ಲಿಯಸ್‌ಗಳು ಅನುರಣಿಸುವ ವಿದ್ಯಮಾನ ನಿಜ, ಎಂಆರ್‌ಐ ಸ್ಕ್ಯಾನ್ ನಡೆಯುವುದು ಅದರಿಂದಲೇ. ಅದಕ್ಕಾಗಿ ರೋಗಿಯನ್ನು ಟನ್‌ಗಟ್ಟಲೆ ತೂಕದ ಕಾಂತದ ಒಳಗೇ ಮಲಗಿಸಬೇಕು. ಬೆಲ್ಟಿನ ಡಬ್ಬಿಯಿಂದ ಗುಡ್ಡದ ಆಚೆಯ ಚಿನ್ನವನ್ನು ಅನುರಣಿಸುವ ದಾರಿ ಇಲ್ಲ.

ನಿಜವಾದ ಯಂತ್ರವೂ ಸೋಲುತ್ತದೆ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿತ್ತು. ದೇಹದಲ್ಲಿ ಹೂತುಹೋದ ಗುಂಡು ಹುಡುಕಲು ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕ ಮಾಡಿ ತಂದ. ಸಿಗಲಿಲ್ಲ. ಹಾಸಿಗೆಯಡಿ ಉಕ್ಕಿನ ಸ್ಪ್ರಿಂಗ್‌ಗಳಿದ್ದವು, ಅವು ಸಂಕೇತವನ್ನು ಕೆಡಿಸಿದವು. ಮೇಲಾಗಿ ಮುಖ್ಯ ವೈದ್ಯ ದೇಹದ ಬಲಭಾಗದಲ್ಲೇ ಹುಡುಕಿಸಿದ, ಗುಂಡು ಇದ್ದದ್ದು ಎಡಕ್ಕೆ. ಈ ಸೋಲಿಗೆ ಕಾರಣ ಹುಡುಕಬಹುದು, ಬೇರೆಯವರು ಹೋಗಿ ಪರೀಕ್ಷಿಸಬಹುದು. ಸ್ಪ್ರಿಂಗ್ ತೆಗೆದರೆ ಯಂತ್ರ ಸುಧಾರಿಸುತ್ತದೆ. 'ನಿಮ್ಮ ಹಿಡಿತ ಸರಿಯಿಲ್ಲ' ಎಂಬ ಕಾರಣವನ್ನು ಯಾರು ಹೇಗೆ ಪರೀಕ್ಷಿಸುವುದು?

ತಡೆಯಾಜ್ಞೆಯ ನಂತರ

ಈಗ ಬಾಕಿ ಉಳಿದ ಭಾಗ. ಕ್ವಾಡ್ರೋ ಕಂಪನಿಯ ಮೂವರ ಮೇಲೆ ವಂಚನೆಯ ಕ್ರಿಮಿನಲ್ ಪ್ರಕರಣ ನಡೆಯಿತು. 1997ರಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಯಂತ್ರ ಕೆಲಸ ಮಾಡುವುದಿಲ್ಲ ಎಂದು ತೋರಿಸುವುದು ಒಂದು, ಮಾರಿದವರಿಗೆ ಅದು ಗೊತ್ತಿದ್ದೂ ಮಾರಿದರು ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು ಇನ್ನೊಂದು. ಎರಡನೆಯದು ಕಷ್ಟ. ಮಾರುವವರಿಗೂ ಆಂಟೆನಾ ತಿರುಗುತ್ತದಲ್ವಾ! ನಾಲ್ಕನೆಯ ಆರೋಪಿ ವಿಚಾರಣೆಗೆ ಮೊದಲೇ ದೇಶ ಬಿಟ್ಟು ಬ್ರಿಟನ್ ಸೇರಿದ್ದ.

ಆಮೇಲೆ 'ಮೋಲ್' ಎಂಬ ಯಂತ್ರ ಬಂತು, ಕ್ವಾಡ್ರೋದ್ದೇ ತದ್ರೂಪು. ಸ್ಯಾಂಡಿಯಾ ಅದನ್ನೂ ಪರೀಕ್ಷಿಸಿತು, ಊಹೆಗಿಂತ ಮೇಲಲ್ಲ ಎಂದಿತು. ನಂತರ ಬ್ರಿಟನ್ನಿನಿಂದ ಜಿಟಿ200 ಎಂಬ ಯಂತ್ರ ಹೊರಟಿತು. ಥಾಯ್ಲೆಂಡಿನ ಸೇನೆ ಮತ್ತು ಪೊಲೀಸರು ಅದನ್ನು ನೂರಾರು ಸಂಖ್ಯೆಯಲ್ಲಿ ಕೊಂಡರು. 2010ರ ಫೆಬ್ರುವರಿಯಲ್ಲಿ ಅಲ್ಲಿಯ ಸರ್ಕಾರವೇ ಪರೀಕ್ಷೆ ಮಾಡಿಸಿತು. ನಾಲ್ಕು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಸ್ಫೋಟಕ. 20 ಸಲದಲ್ಲಿ 4 ಸರಿ. ಊಹೆಗಾದರೆ 5 ಬರಬೇಕಿತ್ತು. ಅದನ್ನು ಮಾರಿದ ಗ್ಯಾರಿ ಬೋಲ್ಟನ್‌ಗೆ 2013ರಲ್ಲಿ ಬ್ರಿಟನ್ನಿನ ಕೋರ್ಟು 7 ವರ್ಷ ಜೈಲು ವಿಧಿಸಿತು.

ಇದೇ ಕುಲದ ಇನ್ನೊಂದು ಎಡಿಇ 651. ಜೇಮ್ಸ್ ಮೆಕಾರ್ಮಿಕ್ ಎಂಬ ಮಾಜಿ ಪೊಲೀಸ್ ಅಮೆರಿಕದಿಂದ ಒಂದಕ್ಕೆ 20 ಡಾಲರಿಗೂ ಕಡಿಮೆ ಬೆಲೆಯ ಗಾಲ್ಫ್ ಚೆಂಡು ಹುಡುಕುವ ಆಟಿಕೆಗಳನ್ನು ತರಿಸಿದ. ಅಲ್ಲಿಂದ ಶುರುವಾದ ವ್ಯಾಪಾರ ಇರಾಕ್ ಸರ್ಕಾರಕ್ಕೆ ಬಾಂಬ್ ಪತ್ತೆಯಂತ್ರ ಮಾರುವಲ್ಲಿಗೆ ಬಂತು. ಒಂದೊಂದಕ್ಕೆ 40,000 ಡಾಲರ್ ತನಕ ಬೆಲೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದರ ಕಾರ್ಡು ಬಿಚ್ಚಿದಾಗ ಒಳಗೆ ಇದ್ದದ್ದು ಅಂಗಡಿಗಳಲ್ಲಿ ಕಳ್ಳತನ ತಡೆಯಲು ಬಟ್ಟೆಗೆ ಅಂಟಿಸುವ ಟ್ಯಾಗ್. ಅಷ್ಟರಲ್ಲಿ ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಸೈನಿಕರು ಈ ಆಂಟೆನಾ ಹಿಡಿದು ವಾಹನಗಳ ಪಕ್ಕ ನಡೆಯುತ್ತಿದ್ದರು. 2009ರ ಅಕ್ಟೋಬರ್ 25ರಂದು ಒಂದೇ ದಿನ ಬಾಂಬುಗಳು ಆ ಊರಿನಲ್ಲಿ 150ಕ್ಕೂ ಹೆಚ್ಚು ಜನರನ್ನು ಕೊಂದವು. ಮೆಕಾರ್ಮಿಕ್‌ಗೆ 2013ರ ಮೇ ತಿಂಗಳಲ್ಲಿ 10 ವರ್ಷ ಶಿಕ್ಷೆಯಾಯಿತು. ಯಂತ್ರಗಳು ಮಾತ್ರ ಠಾಣೆಗಳಲ್ಲೇ ಉಳಿದವು. 2016ರ ಜುಲೈನಲ್ಲಿ ಕರ್ರಾದಾ ಬಡಾವಣೆಯಲ್ಲಿ ಇನ್ನೊಂದು ಭೀಕರ ಸ್ಫೋಟ ಆದ ಮೇಲೆ ಪ್ರಧಾನಿ ಅಬಾದಿ ಅವನ್ನು ವಾಪಸ್ ತೆಗೆಯಲು ಆದೇಶಿಸಿದರು.

ಚಿನ್ನ ಹುಡುಕುವವರು ಕಳೆದುಕೊಳ್ಳುವುದು ಹಣ, ಬೆವರು, ಕೆಲವೊಮ್ಮೆ ಮನೆಯವರ ನೆಮ್ಮದಿ. 'ಅವರ ದುಡ್ಡು, ಅವರಿಷ್ಟ, ನಿಮಗೇನು ಕಷ್ಟ' ಎಂದು ಕೇಳುವವರಿಗೆ ನಾನು ಬಾಗ್ದಾದಿನ ಈ ಪ್ಯಾರಾವನ್ನೇ ಓದಿಸುತ್ತೇನೆ. ಗಾಲ್ಫ್ ಚೆಂಡಿನ ಆಟಿಕೆಯನ್ನು ಯಾರೂ ಗಂಭೀರವಾಗಿ ಪರೀಕ್ಷಿಸದೆ ಬಿಟ್ಟಿದ್ದರಿಂದಲೇ ಅದು ಆ ಠಾಣೆಯ ತನಕ ನಡೆದು ಹೋಯಿತು.

ದುಡ್ಡು ಕೊಡುವ ಮೊದಲು

ಇಂಥ ಲೋಕೇಟರ್ ಒಂದನ್ನು ಕೊಳ್ಳಲು ಮನಸ್ಸು ಮಾಡಿರುವವರು ಮಾರುವವರನ್ನೇ ಕೂರಿಸಿಕೊಂಡು ಈ ಪರೀಕ್ಷೆ ಮಾಡಿ. ಒಂದೇ ತರಹದ ಹತ್ತು ಮುಚ್ಚಳದ ಡಬ್ಬಿಗಳು. ಒಂದರೊಳಗೆ ಚಿನ್ನದ ಉಂಗುರ, ಉಳಿದವುಗಳಲ್ಲಿ ಅಷ್ಟೇ ತೂಕದ ಕಲ್ಲು. ಅಲುಗಾಡದಂತೆ ಬಟ್ಟೆ ತುರುಕಿ. ಮೊದಲು ಡಬ್ಬಿ ತೆರೆದಿಟ್ಟು, ಉಂಗುರ ಎಲ್ಲಿದೆ ಎಂದು ಕಾಣುವ ಹಾಗೆ, ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ಅವರಿಂದಲೇ ಹೇಳಿಸಿ. ಜಾಗ ಸರಿಯಿದೆ, ಮಣ್ಣು ಸರಿಯಿದೆ, ಹವೆ ಸರಿಯಿದೆ ಎಂದು ಅವರು ಮೊದಲೇ ಒಪ್ಪಿಕೊಳ್ಳಲಿ. ಆಮೇಲೆ ಮುಚ್ಚಿ, ಪ್ರತಿ ಸಲ ಹತ್ತು ಚೀಟಿಗಳಲ್ಲಿ ಒಂದನ್ನು ಎತ್ತಿ, ಬಂದ ಸಂಖ್ಯೆಯ ಜಾಗದಲ್ಲಿ ಉಂಗುರದ ಡಬ್ಬಿ ಇಡಿ. ಹತ್ತು ಸುತ್ತು ಮಾಡಿ. ಊಹೆಯಿಂದಾದರೆ ಸರಾಸರಿ ಒಂದು ಸಲ ಸರಿ ಬರುತ್ತದೆ. ಐದು ಅಥವಾ ಹೆಚ್ಚು ಸಲ ಸರಿ ಬರುವ ಸಾಧ್ಯತೆ ಸುಮಾರು 600ರಲ್ಲಿ ಒಂದು. ಅಷ್ಟು ಬಂದರೆ ಮತ್ತೊಮ್ಮೆ ಹತ್ತು ಸುತ್ತು ಮಾಡಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಡಬ್ಬಿ ಜೋಡಿಸಿದವರು ಯಂತ್ರ ಹಿಡಿದವರ ಕಣ್ಣಿಗೆ ಬೀಳಬಾರದು. ಜೋಡಿಸಿ ಮುಗಿದ ಕೂಡಲೇ ಅವರು ಹಿಂಬಾಗಿಲಿನಿಂದ ಹೊರಗೆ ಹೋಗಲಿ, ಯಂತ್ರ ಹಿಡಿದವರು ಆಮೇಲೆ ಮುಂಬಾಗಿಲಿನಿಂದ ಒಳಗೆ ಬರಲಿ.